ಒಪ್ಪಿಗೆ ಚೀಟಿ ಹಂಚಿದ ದಿನ ನಾನು ಹೇಳಿದ ಸುಳ್ಳು

ಸಿಸ್ಟರ್, ಒಂಬತ್ತು ವರ್ಷದ ಹಿಂದೆ ನಮ್ಮ ಎಂಟನೇ ತರಗತಿಯ ಹನ್ನೊಂದು ಹೆಣ್ಣುಮಕ್ಕಳು ರುಬೆಲ್ಲಾ ಲಸಿಕೆ ಹಾಕಿಸಿಕೊಳ್ಳದೆ ಹೋಗಿದ್ದು ನನ್ನಿಂದ. ಅವರ ಅಪ್ಪಂದಿರಿಂದಲ್ಲ, ವಾಟ್ಸಾಪಿನಿಂದಲ್ಲ — ನನ್ನಿಂದ. ನಿಮ್ಮ ಮೇಲೆ ಪ್ರೀತಿ ಉಕ್ಕಿ ಇದನ್ನು ಬರೆಯುತ್ತಿದ್ದೇನೆ ಎಂದುಕೊಳ್ಳಬೇಡಿ. ನಿಮ್ಮನ್ನು ಕಂಡರೆ ನನಗೆ ಅಂದೂ ಆಗುತ್ತಿರಲಿಲ್ಲ, ಇಂದೂ ಆಗುವುದಿಲ್ಲ.

ತೋವಿನಕೆರೆ ಕಡೆಯ ನಮ್ಮ ಹೈಸ್ಕೂಲಿಗೆ ನೀವು ಆರೋಗ್ಯ ಕೇಂದ್ರದ ನರ್ಸಾಗಿ ಲಸಿಕೆಯ ವಿಷಯ ಹೇಳಲು ಬಂದಿರಿ. ನನ್ನ ಕನ್ನಡ ಪಾಠಕ್ಕೆ ಆಕಳಿಸುತ್ತಿದ್ದ ಮಕ್ಕಳು ನಿಮ್ಮ ಮುಂದೆ ಕಣ್ಣರಳಿಸಿ ಕೂತವು. ಭಾಷಣ ಬಿಟ್ಟು ಕಬಡ್ಡಿ ಆಡಿಸಿದಿರಿ — ಲಸಿಕೆ ಹಾಕಿಸಿಕೊಂಡವರು ಕೈಕೈ ಹಿಡಿದ ಸಾಲು, ರೈಡಿಗೆ ಬರುವವನು ರೋಗ. "ಸಾರ್, ನೀವೇ ರೋಗ ಆಗಿ" ಎಂದಿರಿ. ಹೋದೆ. ಹುಡುಗರು ಕಾಲು ಹಿಡಿದು ಕೆಡವಿದರು, ಪ್ಯಾಂಟಿನ ಹೊಲಿಗೆ ಬಿಚ್ಚಿತು, ಇಡೀ ಶಾಲೆ ನಕ್ಕಿತು. ನೀವೂ ನಕ್ಕಿರಿ, ಸೆರಗು ಬಾಯಿಗೊತ್ತಿಕೊಂಡು. ಸಂಜೆಯೊಳಗೆ ನನಗೆ ‘ರೋಗದ ಮೇಷ್ಟ್ರು’ ಎಂಬ ಹೆಸರು ಬಿತ್ತು.

ಮಾರನೆಯ ದಿನ ಒಪ್ಪಿಗೆ ಚೀಟಿ ಹಂಚುವ ಕೆಲಸ ಕ್ಲಾಸ್ ಟೀಚರಾದ ನನ್ನ ಪಾಲಿಗೇ ಬಂತು. ಅಪ್ಪನೋ ಅಮ್ಮನೋ ಸಹಿ ಹಾಕಿ ಕಳಿಸಿದರೆ ಮಾತ್ರ ಲಸಿಕೆ. ಕೈಲಾಗದವನು ಮೈ ಪರಚಿಕೊಂಡ ಎನ್ನುತ್ತಾರೆ. ನಾನು ಪರಚಿದ್ದು ಮಕ್ಕಳನ್ನು. ಚೀಟಿ ಕೊಡುತ್ತಾ ಒಂದು ಮಾತು ಸೇರಿಸಿದೆ: "ಇದು ಹಾಕಿಸ್ಕೊಂಡ್ರೆ ಹೆಣ್ಣುಮಕ್ಕಳಿಗೆ ಮುಂದೆ ಮಕ್ಕಳಾಗಲ್ಲ ಅಂತ ತಿಳಿದೋರು ಹೇಳ್ತಾರೆ. ಮನೇಲಿ ಹೇಳಿ."

ತಿಳಿದವರು ಯಾರೂ ಹಾಗೆ ಹೇಳಿರಲಿಲ್ಲ. ಆ ಕ್ಷಣ ನನ್ನ ಬಾಯಲ್ಲೇ ಹುಟ್ಟಿದ್ದು. ಮೇಷ್ಟ್ರು ಹೇಳಿದರೆ ಮನೆಯಲ್ಲಿ ಎದುರಾಡುವವರಿಲ್ಲ — ಅದು ಗೊತ್ತಿದ್ದೇ ಹೇಳಿದೆ. ಹನ್ನೊಂದು ಚೀಟಿ ಸಹಿಯಿಲ್ಲದೆ ವಾಪಸ್ ಬಂದವು. ನೀವು ಮನೆಮನೆ ಅಲೆದು ಬೈಸಿಕೊಂಡಿರಿ. ನನಗೆ — ಹೇಳಿಯೇಬಿಡುತ್ತೇನೆ — ಖುಷಿಯಾಗಿತ್ತು.

ಹೋದ ವಾರ ಆ ಹನ್ನೊಂದರಲ್ಲಿ ಒಬ್ಬಳಾದ ನಾಗರತ್ನ ಮನೆಗೆ ಬಂದಳು. ಕಂಕುಳಲ್ಲಿ ಒಂದೂವರೆ ವರ್ಷದ ಮಗಳು. ಮಗುವಿಗೆ ಕಿವಿ ಕೇಳುವುದಿಲ್ಲ, ಶ್ರವಣಯಂತ್ರಕ್ಕೆ ಅರ್ಜಿ ಬರೆದುಕೊಡಿ ಎಂದಳು. ಬರೆಯತೊಡಗಿದೆ.

"ಬಸುರೀಲಿ ಮೂರು ದಿನ ಜ್ವರ ಬಂದು ಮೈಯೆಲ್ಲ ಕೆಂಪುಗೆ ಎದ್ದಿತ್ತು ಸಾ. ರುಬೆಲ್ಲಾ ಅಂತೆ, ಅದ್ರಿಂದ್ಲೇ ಮಗೀಗೆ ಕಿವಿ ಹೋಗಿದ್ದಂತೆ. ಸ್ಕೂಲಲ್ಲಿ ಸೂಜಿ ಹಾಕಿಸ್ಕಂಡಿರ್ಲಿಲ್ವೇನಮ್ಮಾ ಅಂದ್ರು ಡಾಕ್ಟ್ರು." ಆಮೇಲೆ ಕೇಳಿದಳು: "ತಿಳಿದೋರು ಹೇಳ್ತಾರೆ ಅಂದಿದ್ರಲ್ಲ ಸಾ — ಯಾರು ಅಂಗಂದಿದ್ದು?"

"ಯಾರೂ ಇಲ್ಲಮ್ಮ. ನಾನೇ."

ಅವಳು ಅಳಲಿಲ್ಲ. ನನ್ನ ಕೈಕೆಳಗಿನ ಕಾಗದವನ್ನು ಎಳೆದುಕೊಂಡಳು. "ಬ್ಯಾಡ ಬುಡಿ ಸಾ. ನನ್ನ ಮಗೀಗೆ ನಿಮ್ಮ ಅಕ್ಸರ ಬ್ಯಾಡ. ಬ್ಯಾರೇರ ಕೈಲಿ ಬರೆಸ್ಕತೀನಿ."

ಅಂದಿನಿಂದ ಊಟ ಸೇರುತ್ತಿಲ್ಲ ಎಂದು ಬರೆದರೆ ಅದೂ ಒಂದು ನಾಟಕ. ಸೇರುತ್ತಿದೆ. ಆದರೆ ಆ ಮಗು, ಅಮ್ಮ ಕರೆದರೂ ತಿರುಗಿ ನೋಡದೆ, ನನ್ನ ಪೆನ್ನಿನ ಮುಚ್ಚಳ ಹಿಡಿದು ಆಡುತ್ತಿತ್ತು — ಅಷ್ಟೇ.

ಉಳಿದ ಹತ್ತು ಹುಡುಗಿಯರ ಹೆಸರು ನನಗೆ ಬಾಯಿಪಾಠ. ಕೆಲವರಿಗೆ ಇನ್ನೂ ಮದುವೆಯಾಗಿಲ್ಲ. ಈಗಲೂ ಹಾಕಿಸಬಹುದು ಎಂದು ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿದ್ದೇನೆ. ನೀವು ಕೊರಟಗೆರೆಯಲ್ಲೇ ಇದ್ದೀರಂತೆ. ಭಾನುವಾರ ಬೆಳಿಗ್ಗೆ ಬನ್ನಿ, ಒಂದೊಂದೇ ಮನೆಗೆ ಹೋಗೋಣ. ಕ್ಷಮೆ ಕೇಳಲು ಕರೆಯುತ್ತಿಲ್ಲ. ನೀವು ಕ್ಷಮಿಸುವುದೂ ಬೇಡ. ಲಸಿಕೆಯ ವಿಷಯ ನೀವು ಹೇಳಿ. ಸುಳ್ಳು ಹೇಳಿದವನು ನಾನೇ ಎಂದು ಅವರಪ್ಪಂದಿರ ಎದುರು ನಿಂತು ನಾನು ಹೇಳುತ್ತೇನೆ. ಅವರು ಕೈ ಎತ್ತಿದರೆ ನೀವು ಅಡ್ಡ ಬರಬೇಡಿ.