ಮಟಮಟ ಮಧ್ಯಾಹ್ನ ಖಣಿ ಬಿಡುವ ಕತ್ತೆಗಳು

ದೆವ್ವ ಕಂಡೆ ಎನ್ನುವವರನ್ನು ಕಂಡರೆ ನನಗೆ ಆಗ ಹೇಸಿಗೆಯಾಗುತ್ತಿತ್ತು. ನಮ್ಮದು ಮೂರು ತಲೆಮಾರಿನಿಂದ ಮಾಸ್ತರರ ಮನೆ. ನಾನು ಇಳಕಲ್ಲಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಸಹೋದ್ಯೋಗಿಗಳಲ್ಲಿ ಯಾರಾದರೂ ಹುಣಸೆಮರದ ಕಥೆ ತೆಗೆದರೆ, ಮರ ಎಷ್ಟು ದೂರವಿತ್ತು, ಬೆಳಕು ಎಷ್ಟಿತ್ತು, ಕಂಡವನು ಕುಡಿದಿದ್ದನೋ ಇಲ್ಲವೋ ಎಂದು ಕೇಳಿ ಬಾಯಿ ಮುಚ್ಚಿಸುತ್ತಿದ್ದೆ. ಅದರಲ್ಲಿ ನನಗೊಂದು ಸುಖವೂ ಇತ್ತು. ಈಗ ನಾನೇ ಅಂಥದೊಂದನ್ನು ಹೇಳಲು ಕೂತಿದ್ದೇನೆ, ನಗುವವರು ನಗಬಹುದು. ಆದರೆ ಇದು ರಾತ್ರಿ ನಡೆದದ್ದಲ್ಲ, ಕಣ್ಣಿಗೆ ಕಂಡದ್ದೂ ಅಲ್ಲ. ನಡು ಹಗಲಲ್ಲಿ ಕಿವಿಗೆ ಬಿದ್ದದ್ದು. ಬಿದ್ದದ್ದನ್ನು ಒಬ್ಬ ಕಿವುಡನ ಮುಂದೆ ಬಿದ್ದಿಲ್ಲ ಎಂದೆ. ಅವನ ಜೀವಮಾನದ ಭಾರವೆಲ್ಲ ಆ ನನ್ನ ಉತ್ತರದ ಮೇಲೆ ನಿಂತಿತ್ತು.

ತುರ್ತು ಪರಿಸ್ಥಿತಿ ಮುಗಿದ ಮರುವರ್ಷದ ಬೇಸಿಗೆ. ಬಟ್ಟೆ ಒಗೆಯಲು ಒಂದು ಒಳ್ಳೆಯ ಕಲ್ಲು ಬೇಕೆಂದು ಮನೆಯಲ್ಲಿ ರಗಳೆ ಶುರುವಾಗಿತ್ತು. ಗುಡೂರಿನ ಕಡೆ ಮುಚ್ಚಿಹೋದ ಖಣಿಯೊಂದರಲ್ಲಿ ಕೆಂಪು ಕಲ್ಲಿನ ಚಪ್ಪಡಿಗಳು ಹಾಗೇ ಬಿದ್ದಿವೆ, ಕೇಳುವವರಿಲ್ಲ ಎಂದು ಯಾರೋ ಹೇಳಿದರು. ರವಿವಾರ ಬುತ್ತಿ ಕಟ್ಟಿಸಿಕೊಂಡು ಬಸ್ಸು ಹತ್ತಿದೆ. ಇಳಿದು ಎರಡು ಮೈಲಿ ನಡೆಯಬೇಕಾಯಿತು.

ಕೆಲಸ ನಡೆಯುತ್ತಿದ್ದಾಗ ಅದೊಂದು ಊರೇ ಆಗಿತ್ತಂತೆ. ಚಹಾದಂಗಡಿ, ಕ್ಷೌರಿಕ, ವಾರದ ಸಂತೆ ಎಲ್ಲ ಇದ್ದವಂತೆ. ನಾನು ಕಂಡದ್ದು ಜಾಲಿ, ಕೆಂಪು ಧೂಳು, ತಗಡು ಕಿತ್ತ ಖೋಲಿಗಳ ಸಾಲು. ಮಾಲೀಕನೆಂಬ ಮಹಾನುಭಾವ ಹೋಗುವಾಗ ಬಾಗಿಲ ಚೌಕಟ್ಟನ್ನೂ ಬಿಟ್ಟಿರಲಿಲ್ಲ. ಬಿಟ್ಟದ್ದು ಕಲ್ಲಿನ ಚೂರು ಹೊರುತ್ತಿದ್ದ ಇಪ್ಪತ್ತು ಕತ್ತೆಗಳನ್ನು ಮಾತ್ರ. ಅವು ಮನಸ್ಸು ಬಂದಲ್ಲಿ ತಿರುಗುತ್ತಿದ್ದವು, ಮನಸ್ಸು ಬಂದಲ್ಲಿ ಮಲಗುತ್ತಿದ್ದವು. ಹಿಂದೆ ಆಫೀಸಾಗಿದ್ದ ಖೋಲಿಯಲ್ಲಿ ಎರಡು ನಿಂತಿದ್ದವು. ಮೊದಲು ಅಲ್ಲಿ ಕೂರುತ್ತಿದ್ದವರಿಗಿಂತ ಇವೇ ಹೆಚ್ಚು ಮರ್ಯಾದಸ್ಥರಂತೆ ಕಂಡವು.

ಮನುಷ್ಯನೆಂದು ಅಲ್ಲಿದ್ದವನು ಹಾಲಪ್ಪ ಒಬ್ಬನೇ. ಅರವತ್ತರ ಆಸುಪಾಸು, ಹಣೆಯ ತುಂಬ ಬೀರಪ್ಪನ ಭಂಡಾರದ ಅರಿಶಿನ. ಕುರಿ ಕಾಯುವ ಮನೆತನದವನು, ಹರೆಯದಲ್ಲೇ ಈ ಖಣಿಗೆ ಸೇರಿ ಬಂಡೆ ಸಿಡಿಸುವ ಮದ್ದಿಗೆ ಬತ್ತಿ ಹಚ್ಚುವ ಕೆಲಸಕ್ಕೆ ನಿಂತಿದ್ದ. ಕಿವಿ ಎರಡೂ ಹೋಗಿದ್ದವು. ಯಾರೂ ನೇಮಿಸದ ಕಾವಲುಗಾರ. ನಾನು ಮಾಸ್ತರನೆಂದೂ ಕಲ್ಲಿಗಾಗಿ ಬಂದೆನೆಂದೂ ಹೇಳಲು ಕೈಸನ್ನೆ ಮಾಡಿ ಮಾಡಿ ನನಗೇ ನನ್ನ ಮೇಲೆ ಬೇಸರವಾಯಿತು.

ಇಬ್ಬರೂ ಖಣಿಯೊಳಗೆ ಇಳಿದೆವು. ಕಲ್ಲು ಸಿಕ್ಕಿತು, ಗೇಣು ಹಾಕಿ ಅಳೆದೆ. ಬಿಸಿಲು ಏರಿತ್ತು. ಬಂಡೆಯ ನೆರಳಿನಲ್ಲಿ ಕೂತು ಡಬ್ಬಿ ತೆರೆದು ರೊಟ್ಟಿ ಮುರಿದೆ. ಖಣಿಯ ತಳದ ಹೊಂಡದಲ್ಲಿ ನೀರು ಕುಡಿಯುತ್ತಿದ್ದ ಕತ್ತೆಗಳು ಆಗ ಒಮ್ಮೆಲೇ ತಲೆ ಎತ್ತಿದವು. ಯಾರೂ ಹೊಡೆಯಲಿಲ್ಲ, ಯಾರೂ ಕೂಗಲಿಲ್ಲ. ಒಂದರ ಹಿಂದೊಂದು ಮೇಲೆ ಹತ್ತತೊಡಗಿದವು.

"ಏಳ್ರಿ ಮಾಸ್ತರ," ಎಂದ ಹಾಲಪ್ಪ. "ಕತ್ತಿ ಎದ್ದ್ವು. ನಾವೂ ಏಳಬೇಕ್ರಿ."

ಹಿಂದೆ ದಿನಾ ಇದೇ ಹೊತ್ತಿಗೆ ಮದ್ದು ಸಿಡಿಸುತ್ತಿದ್ದರಂತೆ. ನೇತುಹಾಕಿದ ರೈಲುಪಟ್ಟಿಯ ತುಂಡನ್ನು ಬಡಿದರೆ ಮೊದಲು ಕತ್ತೆ, ಆಮೇಲೆ ಜನ ಹೊರಗೆ. ಖಣಿ ಮುಚ್ಚಿ ಏಳು ವರ್ಷವಾದರೂ ಕತ್ತೆಗಳು ಏಳುವುದನ್ನು ಬಿಟ್ಟಿಲ್ಲ, ಅವುಗಳ ಹಿಂದೆ ಈ ಮುದುಕನೂ ಬಿಟ್ಟಿಲ್ಲ. ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ ಎನ್ನುತ್ತಾರೆ, ಇವಕ್ಕೆ ಗಡಿಯಾರ ಗೊತ್ತಿದೆಯಲ್ಲ ಎಂದು ನಕ್ಕೆ. ಅವನಿಗೆ ಕೇಳಿಸಲಿಲ್ಲ. ನನ್ನ ಡಬ್ಬಿಯ ಮುಚ್ಚಳ ಹಾಕಿ ಅಲ್ಲೇ ಇಟ್ಟು, ರಟ್ಟೆ ಹಿಡಿದು ಎಬ್ಬಿಸಿದ. ಮೇಲೆ ಹತ್ತುವಾಗ ಇನ್ನೊಂದು ಶಾಸ್ತ್ರ ಹೇಳಿದ.

"ಬತ್ತಿ ಹಚ್ಚಿದ ಮ್ಯಾಲ ಯಾರ ಹೆಸರೂ ಹಿಡದು ಕರಿಯೂದಿಲ್ರಿ. ಕರದ್ರ ಮನಷ್ಯಾ ಹಿಂದಕ ಹೊಳ್ಳತಾನ. ಬೆನ್ನಿಗೆ ಕೈ ಹಚ್ಚಿ ದಬ್ಬಬೇಕು, ಅಷ್ಟ."

ದಿಬ್ಬದ ಮರೆಯಲ್ಲಿ ಕತ್ತೆಗಳ ನಡುವೆ ನಿಂತೆವು. ಅವೆಲ್ಲ ಖಣಿಯ ಕಡೆ ಮುಖ ಮಾಡಿ ಕಿವಿ ನೆಟ್ಟಗೆ ಮಾಡಿದ್ದವು. ಇಪ್ಪತ್ತು ಕತ್ತೆ, ಒಬ್ಬ ಕಿವುಡ, ಒಬ್ಬ ವಿಜ್ಞಾನದ ಮಾಸ್ತರ. ನಾಳೆ ಶಾಲೆಯಲ್ಲಿ ಇದನ್ನು ಹೇಗೆ ಬಣ್ಣಿಸಿ ನಗಿಸಬೇಕೆಂದು ನಾನು ಯೋಚಿಸುತ್ತಿದ್ದೆ. ಗಾಳಿ ಇರಲಿಲ್ಲ. ಆಗ ಖಣಿಯ ಒಳಗಿನಿಂದ ಒಂದು ಗಂಡುದನಿ ಕೇಳಿತು. ಹರೆಯದ ದನಿ, ಸ್ವಲ್ಪ ಏದುಸಿರು.

"ಬಂದೆ ಯಣ್ಣಾ, ನಿಂದ್ರು."

ಅಷ್ಟೇ. ಚೀರಿದ್ದಲ್ಲ, ನರಳಿದ್ದಲ್ಲ. ಊಟಕ್ಕೆ ಕರೆದಾಗ ಹಿತ್ತಲಿನಿಂದ ಹೇಳುತ್ತಾರಲ್ಲ, ಹಾಗೆ. ಕತ್ತೆಗಳು ಕಿವಿ ಇಳಿಸಿ ಒಣಹುಲ್ಲಿಗೆ ಬಾಯಿ ಹಾಕಿದವು. ನಾನು ಸಿಟ್ಟಿನಿಂದಲೇ ಅಂಚಿಗೆ ಓಡಿದೆ, ಯಾವನೋ ಆಟ ಕಟ್ಟಿದ್ದಾನೆ ಎಂದು. ಒಳಗೆ ಇಳಿಯಲು ನಾವು ಬಂದ ದಾರಿ ಒಂದೇ. ಸೂರ್ಯ ನೆತ್ತಿಯ ಮೇಲಿದ್ದ, ಇಲಿ ಇದ್ದರೂ ಕಾಣಬೇಕು. ಹೊಂಡದ ನೀರು ಅಲುಗಾಡಿರಲಿಲ್ಲ. ನನ್ನ ಡಬ್ಬಿ ಇಟ್ಟಲ್ಲೇ ಇತ್ತು.

ತಿರುಗಿ ನೋಡಿದರೆ ಹಾಲಪ್ಪ ಖಣಿಯನ್ನಲ್ಲ, ನನ್ನ ಮುಖವನ್ನು ನೋಡುತ್ತಿದ್ದ.

"ಏನರ ಕೇಳಿತೇನ್ರಿ ಮಾಸ್ತರ? ಖರೇ ಹೇಳ್ರಿ."

ಹಣೆಗೆ ಅರಿಶಿನ ಬಳಿದುಕೊಂಡು ಕತ್ತೆಗಳ ಹಿಂದೆ ನಡೆಯುವವನ ಮುಂದೆ ನಾನು ಹೌದೆನ್ನಬೇಕೇ? ಇಲ್ಲವೆಂದು ತಲೆ ಅಲ್ಲಾಡಿಸಿದೆ. ಸಾಲದೆಂದು ಇನ್ನೊಮ್ಮೆ ಅಲ್ಲಾಡಿಸಿದೆ.

ಅವನು ನೆಲಕ್ಕೆ ಕುಸಿದು ಕೂತ. ಆಮೇಲೆ ಹೇಳಿದ್ದು ಇದು. ಅವನಿಗೆ ಮಾಳಪ್ಪ ಎಂಬ ತಮ್ಮನಿದ್ದ, ಇದೇ ಖಣಿಯ ಕೆಲಸಗಾರ. ಒಂದು ದಿನ ಬತ್ತಿ ಹಚ್ಚಿ ಮೇಲೆ ಬಂದರೆ ತಮ್ಮ ಕಾಣಲಿಲ್ಲ. ಗಾಬರಿಯಲ್ಲಿ ಹಾಲಪ್ಪನೇ ಶಾಸ್ತ್ರ ಮುರಿದು ಹೆಸರು ಹಿಡಿದು ಕೂಗಿದ. ಕೂಗಿದ ಗಳಿಗೆಗೇ ಮದ್ದು ಸಿಡಿಯಿತು, ತಮ್ಮ ಓಗೊಟ್ಟನೋ ಇಲ್ಲವೋ ತಿಳಿಯಲಿಲ್ಲ. ತಮ್ಮ ಕಲ್ಲಿನ ಕೆಳಗೆ ಹೆಣವಾಗಿ ಸಿಕ್ಕ. ಅವತ್ತಿನಿಂದಲೇ ಹಾಲಪ್ಪನ ಕಿವಿ ಮುಚ್ಚಿದ್ದು.

"ಅಂವ ಮ್ಯಾಲ ಬಂದಿದ್ದ, ನಾ ಕರದದ್ದಕ್ಕ ಹೊಳ್ಳಿ ಇಳದ ಅಂತಾರ್ರಿ ಒಬ್ರು. ಕಲ್ಲು ಮೀಟೋ ಹಾರಿ ಮರ್ತಿದ್ದ, ತರಾಕ ಹೋಗಿದ್ದ ಅಂತಾರ ಇನ್ನೊಬ್ರು. ಇಲ್ಲಿ ಮಧ್ಯಾಹ್ನ ಅಂವ ಓ ಅನ್ನೋ ದನಿ ಬರ್ತೈತಿ ಅಂತ ಕುರಿ ಕಾಯೋರು ಆಡಿಕೊಂತಾರ. ಅಂವ ಓ ಅಂದಿದ್ರ ನನ್ನ ದನಿ ಅವಂಗ ಮುಟ್ಟೇತಿ, ನಾನ ಕೊಂದೇನಿ ಅಂತ ಆತಲ್ರಿ. ನನಗ ಕೇಳಂಗಿಲ್ಲ. ನೀವು ಓದಿದವರು, ಸುಳ್ಳು ಹೇಳಾಂಗಿಲ್ಲ."

ಹೀಗೆಂದು ಅವನು ನನಗೆ ಕೈ ಮುಗಿದ. ಮುಖದ ಮೇಲಿನ ಭಂಡಾರ ಕಣ್ಣೀರಿಗೆ ಹರಿದಿತ್ತು. ಕಲ್ಲೂ ಬೇಡ, ಡಬ್ಬಿಯೂ ಬೇಡವೆಂದು ಬಸ್ಸು ಹಿಡಿದೆ. ಕಲ್ಲುಗಳೆಲ್ಲ ಬಿರುಕು ಬಿಟ್ಟಿವೆ ಎಂದು ಮನೆಯಲ್ಲಿ ಹೇಳಿದೆ.

ಪ್ರತಿಧ್ವನಿ, ಬಿಸಿಲು, ಹಸಿವು, ಎಲ್ಲ ಹೇಳಿ ನೋಡಿಕೊಂಡಿದ್ದೇನೆ. ಆದರೆ ದನಿ ಕೇಳಿದಾಗ ಮಾಳಪ್ಪನೆಂಬವನು ಇದ್ದನೆಂದೇ ನನಗೆ ಗೊತ್ತಿರಲಿಲ್ಲ. ಅಲ್ಲಿಗೆ ಬಂದು ನನ್ನ ವಿಜ್ಞಾನ ನಿಲ್ಲುತ್ತದೆ. ಒಬ್ಬಿಬ್ಬರಿಗೆ ಹೇಳಿದಾಗ, ಸುಳ್ಳು ಹೇಳಿ ಪುಣ್ಯ ಕಟ್ಟಿಕೊಂಡಿರಿ ಎಂದರು. ಎಂಥ ಪುಣ್ಯ? ಅವನ ಮೇಲಿನ ಕರುಣೆಯಿಂದ ನಾನು ತಲೆ ಅಲ್ಲಾಡಿಸಿದ್ದಲ್ಲ. ಅವನ ಸಾಲಿನಲ್ಲಿ ನಿಲ್ಲಬಾರದೆಂದು ಅಲ್ಲಾಡಿಸಿದೆ, ಆ ಸೊಕ್ಕಿಗೆ ಅವನು ಕೈ ಮುಗಿದ. ಮತ್ತೆ ಆ ಕಡೆ ನಾನು ಹೋಗಲಿಲ್ಲ.

ಮನೆಯಲ್ಲಿ ಮಧ್ಯಾಹ್ನ ಊಟಕ್ಕೆ ಹೆಸರು ಹಿಡಿದು ಕರೆಯುತ್ತಾರೆ. ಬಂದೆ ಎನ್ನಲು ನನಗೆ ಇಂದಿಗೂ ಬಾಯಿ ಬರುವುದಿಲ್ಲ. ಸುಮ್ಮನೆ ಎದ್ದು ಹೋಗುತ್ತೇನೆ.