ಬೋದಿನ ಮೇಲಿನ ಮೆಂತ್ಯ

ಗ್ಯಾರೇಜಿನ ಕಪಾಟಿನಲ್ಲಿ ಹಳೆಯ ಡೈರಿಗಳನ್ನು ಹುಡುಕುತ್ತಿದ್ದಾಗ ಕೈಗೆ ಸಿಕ್ಕಿದ್ದು ಒಂದು ಸ್ಟೀಲ್ ಡಬ್ಬಿ. ಮುಚ್ಚಳ ತೆಗೆದೊಡನೆ ಬೂದಿ ಬೆರೆತ ಮೆಂತ್ಯದ ಕಹಿಗಂಪು... ಪರದೇಶದ ಈ ಮೀರಾ ಮೆಸಾ ಬಡಾವಣೆಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಧಾರವಾಡದ ಆಂಟಿ ಕೊಟ್ಟುಹೋದ ಬೀಜ. ವಯಸ್ಸಿನಲ್ಲಿ ಅವರು ನನಗಿಂತ ಹಿರಿಯರೇನಲ್ಲ. ಬೀದಿಯ ಮಕ್ಕಳೆಲ್ಲ ಆಂಟಿ ಎನ್ನುತ್ತಿದ್ದುದರಿಂದ ನಾನೂ ಹಾಗೆಯೇ ಕರೆಯುತ್ತಿದ್ದೆ.

ಅವರು ಬಂದದ್ದು 2021ರಲ್ಲಿ ಎಂದು ನನ್ನ ನೆನಪು. ಡೈರಿ 2022 ಎನ್ನುತ್ತದೆ. ಆ ಚಳಿಗಾಲ ಮಳೆ ಬಿಡದೆ ಹಿಡಿಯಿತು. ಕಡಲ ಕಡೆಯಿಂದ ಮೋಡ ಕವಿದು ದಿನಗಟ್ಟಲೆ ಬಿಸಿಲೇ ಇಲ್ಲ. ಮಟ್ಟಗೋಲು ಇಟ್ಟು ಸಮತಟ್ಟಾಗಿ ಮಾಡಿದ ನನ್ನ ಮಡಿಯಲ್ಲಿ ಮೆಂತ್ಯ ಕೊಳೆಯಿತು. ಬೇಲಿಯಾಚೆ ಅವರು ಮಣ್ಣನ್ನು ಉದ್ದನೆಯ ದಿಬ್ಬವಾಗಿ ಏರಿಸಿ, ಆ ಬೋದಿನ ನೆತ್ತಿಯಲ್ಲಿ ಬಿತ್ತಿದ್ದರು. ನೀರು ಇಳಿದುಹೋಗಿ ಸೊಪ್ಪು ದಟ್ಟವಾಗಿ ನಿಂತಿತ್ತು.

"ಏನ್ರೀ ಸರ್, ಮೆಂತ್ಯಕ್ಕ ಈಜು ಕಲಿಸಾಕ ಹತ್ತೀರೇನು?" ಎಂದು ನಕ್ಕು, ಬೇಲಿಯ ಮೇಲಿಂದ ಒಂದು ಕಟ್ಟು ಸೊಪ್ಪು ಕೊಟ್ಟರು. ಊಟಕ್ಕೆ ಕುಳಿತಾಗ ನನ್ನ ಹೆಂಡತಿ ಅದನ್ನು ಎರಡು ಸಲ ಹೊಗಳಿದಳು. ನಾನು ಸೊಪ್ಪನ್ನು ತಟ್ಟೆಯ ಅಂಚಿಗೆ ಸರಿಸಿದೆ. ಬದುಕಿಡೀ ಪ್ರಯೋಗಾಲಯದಲ್ಲಿ ಕಳೆದ ನನಗೆ, ಬಿತ್ತಿದ ದಿನವನ್ನೂ ಬರೆದಿಡದ ಆ ಹೆಂಗಸಿನ ಮೇಲೆ ಹೊಟ್ಟೆಕಿಚ್ಚು.

ಮರುವರ್ಷ ಅವರು ಮಗಳ ಮನೆಗೆ ಹೋದ ವಾರ ನೋಡಿಕೊಂಡು ನಾನೂ ಬೋದು ಎತ್ತಿದೆ. ಸೊಪ್ಪು ಬಂತು. ಕನ್ನಡಿಗರ ಪಾಟ್‌ಲಕ್‌ನಲ್ಲಿ ಎಲ್ಲರೂ ಮನೆಯಿಂದ ಮಾಡಿ ತಂದ ಅಡುಗೆಗಳಲ್ಲಿ ನಮ್ಮ ಮೆಂತ್ಯ ಬಾತ್ ಮೊದಲು ಖಾಲಿಯಾಯಿತು. ಹೇಗೆ ಬೆಳೆದಿರಿ ಎಂದು ಯಾರೋ ಕೇಳಿದರು.

"ಈ ಮಳೆಗೆ ಬೋದೇ ಸರಿ. ನಮ್ಮ ಬೀದೀಲಿ ಅದನ್ನ ಮೊದಲು ಮಾಡಿ ನೋಡಿದ್ದು ನಾನೇ," ಎಂದೆ.

ಆಂಟಿ ಪಕ್ಕದಲ್ಲೇ ತಟ್ಟೆ ಹಿಡಿದು ನಿಂತಿದ್ದರು. "ಹೌದ್ರೀ, ಸರ್‌ನ ನೋಡೇ ಕಲ್ತೀನಿ ನಾನು," ಎಂದು ಮೊಸರು ಬಡಿಸಿಕೊಂಡರು.

ಅಷ್ಟು ಸಲೀಸಾಗಿ ಬಿಟ್ಟುಕೊಡಬಲ್ಲರಲ್ಲ ಎಂದು ಅದಕ್ಕೂ ಅಸೂಯೆಪಟ್ಟೆ...

ಬಳಿಕ ಅವರು ಮಗಳಿದ್ದ ಪೋರ್ಟರ್ ರ್ಯಾಂಚ್‌ಗೆ ಹೊರಟುಹೋದರು. ಈ ಡಬ್ಬಿ ಕೊಟ್ಟದ್ದು ಆಗಲೇ. ಅವರು ತೀರಿಕೊಂಡ ಸುದ್ದಿ ಕಳೆದ ವರ್ಷ ಹೆಂಡತಿಯ ಫೋನಿಗೆ ಬಂತು.

ಈಗ ಕನ್ನಡ ಕೂಟದ ಸಂಚಿಕೆಗೆ ಕೈತೋಟದ ಲೇಖನ ಬರೆಯುತ್ತಿದ್ದೇನೆ. ತೇದಿಗಳನ್ನು ತಾಳೆ ನೋಡಲೆಂದೇ ಡೈರಿ ಹುಡುಕಿದ್ದು. 2023ರ ಜನವರಿಯ ಪುಟದಲ್ಲಿ ನನ್ನದೇ ಅಕ್ಷರ: 'ನಮ್ಮಲ್ಲಿ ಕೊಳೆತಿದೆ. ಪಕ್ಕದಲ್ಲಿ ಬೋದು, ಚೆನ್ನಾಗಿದೆ.' ಇಷ್ಟು ದಿನದಲ್ಲಿ ನನ್ನ ಸುಳ್ಳನ್ನು ನಾನೇ ನಂಬಿಬಿಟ್ಟಿದ್ದೆ. ಲೇಖನದಲ್ಲಿ 'ನಾನು' ಎಂದಿದ್ದುದನ್ನು ಹೊಡೆದು 'ಪಕ್ಕದ ಮನೆಯ ಆಂಟಿ' ಎಂದು ತಿದ್ದಿದೆ. ಓದಿ ನಗಬೇಕಾದವರು ಇಲ್ಲ.

ಹೊರಗೆ ಮಳೆ ಹಿಡಿದಿದೆ. ಬೇಲಿಯಾಚೆ ಈಗ ಕೃತಕ ಹುಲ್ಲು ಹಾಸಿದ್ದಾರೆ. ನನ್ನ ಮೆಂತ್ಯಕ್ಕಿಂತ ಚೆನ್ನಾದ ಮೆಂತ್ಯ ಈ ಬೀದಿಯಲ್ಲಿ ಎಲ್ಲೂ ಇಲ್ಲ.