ಬಾಟಲಿಯ ಮುಳುಗಾಳು

ನಮ್ಮಕ್ಕ ಇಪ್ಪತ್ತೆರಡು ವರ್ಷದಿಂದ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದಾಳೆ. ಅದೇ ಶಾಲೆಯ ಪ್ರಯೋಗಾಲಯದಲ್ಲಿ ನಾನು ಅಟೆಂಡರ್. ಗಾಜಿನ ತೊಟ್ಟಿಗೆ ನೀರು ತುಂಬುವ, ಆಮೇಲೆ ನೆಲ ಒರೆಸುವ ಪುಣ್ಯವೆಲ್ಲ ನನ್ನದೇ. ಅಕ್ಕನ ಪದ್ಧತಿ ಒಂದೇ: ಯಾವುದೇ ವಸ್ತುವನ್ನು ನೀರಿಗೆ ಬಿಡುವ ಮೊದಲು ಅದು ತೇಲುತ್ತದೋ ಮುಳುಗುತ್ತದೋ ಎಂದು ಮಕ್ಕಳು ಕಾರಣಸಮೇತ ಹೇಳಬೇಕು.

"ಬಾಯಿಗೆ ಬಂದದ್ದು ಒದರಬೇಡಿ. ಅದು ಎಷ್ಟು ನೀರನ್ನ ಪಕ್ಕಕ್ಕೆ ತಳ್ಳುತ್ತೆ? ಆ ನೀರು ಇದಕ್ಕಿಂತ ಭಾರಾನೋ ಹಗುರಾನೋ? ಅಷ್ಟೇ ವಿಷಯ" ಎನ್ನುತ್ತಾಳೆ.

ಭಾವ ಜಲಾಶಯದಲ್ಲಿ ದೋಣಿ ನಡೆಸುತ್ತಿದ್ದರು. ಕಳೆದ ವರ್ಷ ಬಿರುಗಾಳಿಗೆ ದೋಣಿ ಮಗುಚಿತು. ದೋಣಿ ಸಿಕ್ಕಿತು, ಭಾವ ಸಿಗಲಿಲ್ಲ. ಹತ್ತು ದಿನ ಹುಡುಕಿ ಕೈಚೆಲ್ಲಿದ ಅಧಿಕಾರಿ ಮನೆಗೆ ಬಂದರೆ, ಅಕ್ಕ ಅವನಿಗೂ ಪಾಠ ಶುರುಮಾಡಿದಳು.

"ಮುಳುಗಿದ ದೇಹದೊಳಗೆ ದಿನ ಕಳೆದಂತೆ ಗಾಳಿ ಹುಟ್ಟಿ ತುಂಬಿಕೊಳ್ಳುತ್ತೆ ಸಾರ್. ತೂಕ ಅಷ್ಟೇ, ಗಾತ್ರ ಜಾಸ್ತಿ. ಮೇಲೆ ಬರಲೇಬೇಕು. ಬಂದಿಲ್ಲ ಅಂದ್ರೆ ಅವರು ನೀರಲ್ಲಿಲ್ಲ. ಎಲ್ಲೋ ದಡ ಸೇರಿದ್ದಾರೆ."

ಪಾಪ, ಆ ಮನುಷ್ಯ ತಲೆ ಕೆರೆದುಕೊಂಡು ಹೋದ.

ನಾನೂ ಅದೇ ಮನೆಯಲ್ಲಿರುವವಳು; ಅಂದಿನಿಂದ ಅಲ್ಲಿರಲು ನನಗೆ ಭಯ. ಅಕ್ಕ ಬಚ್ಚಲಿನ ಬಾಗಿಲು ಹಾಕಿಕೊಂಡು, ಭಾವನ ಕನ್ನಡಕ, ಬೀಗದ ಕೈ, ಬೆಲ್ಟು, ಚಪ್ಪಲಿಗಳನ್ನು ಒಂದೊಂದಾಗಿ ಬಕೆಟ್ಟಿಗೆ ಬಿಡುತ್ತಿದ್ದಳು. "ಹೇಳಿ, ತೇಲುತ್ತಾ?" ಎಂಬ ದನಿ ಆಚೆಗೆ ಕೇಳಿಸುತ್ತಿತ್ತು. ಉತ್ತರಕ್ಕೆ ಕಾಯುವಷ್ಟು ಹೊತ್ತು ಮೌನ. ಆಮೇಲೆ, "ಹ್ಞಾ, ಸರಿ." ಯಾರಿಗೆ ಸರಿ ಎಂದಳೋ, ದೇವರೇ ಬಲ್ಲ! "ಹುಚ್ಚು ಹಿಡಿದಿದೆಯೇನೇ ಅಕ್ಕಾ ನಿನಗೆ?" ಎಂದು ಕೂಗಾಡಿದರೆ, ಒದ್ದೆ ಕನ್ನಡಕ ಒರೆಸುತ್ತಾ ಸುಮ್ಮನೆ ನಕ್ಕಳು.

ಮೊನ್ನೆ ಒಂಬತ್ತನೇ ತರಗತಿಗೆ ಬಾಟಲಿಯ ಮುಳುಗಾಳನ್ನು ತೋರಿಸಿದಳು. ಪ್ಲಾಸ್ಟಿಕ್ ಬಾಟಲಿಯ ತುಂಬ ನೀರು, ಅದರೊಳಗೆ ತುಸು ಗಾಳಿ ಉಳಿಸಿಕೊಂಡ ಡ್ರಾಪರ್, ಅದೇ ಮುಳುಗಾಳು. ಬಾಟಲಿಯನ್ನು ಅದುಮಿದರೆ ಆ ಗಾಳಿ ಕುಗ್ಗಿ, ನೀರು ಹೊಕ್ಕು, ಡ್ರಾಪರ್ ಮುಳುಗುತ್ತದೆ. ಬಿಟ್ಟರೆ ಏಳುತ್ತದೆ. ಮಕ್ಕಳಿಗೆ ಭಾರೀ ಖುಷಿ. ನಾವು ಬಾಯಿಬಡುಕಿ ಎಂದು ಕರೆಯುವ ಮುಂದಿನ ಬೆಂಚಿನ ಹುಡುಗಿ ಬಾಟಲಿ ಇಸಿದುಕೊಂಡು ಅದುಮಿದವಳು ಬಿಡಲೇ ಇಲ್ಲ. ಡ್ರಾಪರ್ ತಳದಲ್ಲಿ ನೆಟ್ಟಗೆ ನಿಂತು ಮೆಲ್ಲಗೆ ತಿರುಗುತ್ತಿತ್ತು.

"ಮಿಸ್, ತುಂಬಾ ಆಳದಲ್ಲಿ ನೀರೇ ಹೀಗೆ ಅದುಮಿ ಹಿಡ್ಕೊಂಡಿರುತ್ತಲ್ವಾ? ಆಗ ಒಳಗೆ ಗಾಳಿ ಇದ್ರೂ ಮೇಲೆ ಬರಲ್ಲ, ಅಲ್ವಾ?"

ಅಕ್ಕ ಬೋರ್ಡಿನ ಕಡೆ ತಿರುಗಿದಳು. ಆಳ ಅರವತ್ತು ಮೀಟರ್ ಎಂದು ಬರೆದಳು. ಅದು ನಮ್ಮ ಜಲಾಶಯದ ಆಳ. ಒತ್ತಡ ಏಳು ಪಟ್ಟು, ಗಾಳಿಯ ಗಾತ್ರ ಏಳರಲ್ಲೊಂದು ಪಾಲು. ಅದರ ಕೆಳಗೆ, ತಳದ ನೀರು ತಣ್ಣಗೆ, ಗಾಳಿ ಹುಟ್ಟುವುದೇ ಕಡಿಮೆ. ಸೀಮೆಸುಣ್ಣ ಮುರಿಯಿತು.

"ಬರಲ್ಲ. ಸರಿಯಾಗಿ ಹೇಳಿದೆ, ಕೂತ್ಕೋ" ಎಂದಳು.

ಬೆಲ್ ಹೊಡೆದು ಮಕ್ಕಳೆಲ್ಲ ಹೊರಗೋಡಿದರು. ಅಕ್ಕ ಆ ಬಾಟಲಿಯನ್ನು ಎರಡೂ ಕೈಯಲ್ಲಿ ಅದುಮಿಕೊಂಡು ಕೂತಿದ್ದಳು.

"ಬಿಡೇ ಅಕ್ಕಾ, ಸಾಕು."

"ಅಲ್ಲೇ ನಿಂತಿದ್ದಾರೆ ಕಣೇ" ಎಂದು ಪಿಸುಗುಟ್ಟಿದಳು. "ಒಂದು ವರ್ಷದಿಂದ ತಳದಲ್ಲಿ, ಆ ಚಳಿಯಲ್ಲಿ ಒಬ್ಬರೇ ನಿಂತಿದ್ದಾರೆ. ನಾನು ದಡದಲ್ಲೆಲ್ಲ ಹುಡುಕ್ತಾ ಇದ್ದೆ."

ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದೆ. ಡ್ರಾಪರ್ ಸರ್ರನೆ ಮೇಲೆ ಬಂತು. ಅದನ್ನು ನೋಡಲಾರದೆ ಅಕ್ಕ ಮುಖ ಮುಚ್ಚಿಕೊಂಡು, ಆ ವರ್ಷದಲ್ಲಿ ಮೊದಲ ಸಲ, ಗಟ್ಟಿಯಾಗಿ ಅತ್ತುಬಿಟ್ಟಳು.